ನಡುಗುವ ಕೈಯೂ ನಿಲ್ಲುವ ಚಿತ್ರವೂ

ನಮ್ಮ ಊರಿನ ಹಳೆಯ ತೊಟ್ಟಿಮನೆಯನ್ನು 2023ರಲ್ಲಿ ಬಿಚ್ಚಿದರು. ಕಂಬ ತೊಲೆಗಳು ಒಬ್ಬರ ಪಾಲಾದವು, ಹೆಂಚು ಇನ್ನೊಬ್ಬರ ಪಾಲಾಯಿತು, ನೆಲವನ್ನು ಮತ್ತಾರೋ ಕೊಂಡರು. ಅದಕ್ಕೆ ಹಿಂದಿನ ವರ್ಷ, ಮನೆ ಕೈಬಿಡುವುದು ನಿಶ್ಚಯವಾದ ಮೇಲೆ, ನನ್ನ ಅಕ್ಕ ಒಮ್ಮೆ ಅಲ್ಲಿಗೆ ಹೋಗಿಬರಬೇಕೆಂದಳು. ಅವಳು ನನಗಿಂತ ಹದಿನಾಲ್ಕು ವರ್ಷಕ್ಕೆ ಹಿರಿಯಳು. ತಾಯಿ ಬೇಗನೆ ತೀರಿಹೋದುದರಿಂದ ನನ್ನನ್ನು ಎತ್ತಿ ಆಡಿಸಿದವಳೂ ಅವಳೇ, ಮರಳಿನ ಮೇಲೆ ಅಕ್ಷರ ತಿದ್ದಿಸಿದವಳೂ ಅವಳೇ. ಆ ದಿನ ಅವಳು ಜಗಲಿಯಿಂದ ಹಿತ್ತಲವರೆಗೆ ಮೆಲ್ಲಮೆಲ್ಲನೆ ನಡೆಯುತ್ತ, ಇಲ್ಲಿ ತೊಟ್ಟಿಲು ಕಟ್ಟುತ್ತಿದ್ದರು, ಇಲ್ಲಿ ಅಪ್ಪ ಪುರಾಣ ಓದುತ್ತಿದ್ದರು ಎಂದು ಒಂದೊಂದು ಎಡೆಯನ್ನೂ ತೋರಿಸಿದಳು. ನಾನು ಮೊಬೈಲನ್ನು ಕೈಯಲ್ಲಿ ಹಿಡಿದು, ಅವಳ ಹಿಂದೆ ಹಿಂದೆ ನಡೆದು, ಅದೆಲ್ಲವನ್ನೂ ವಿಡಿಯೋ ತೆಗೆದುಕೊಂಡೆನು. ಅದು ಹದಿನೆಂಟು ನಿಮಿಷದ ಚಿತ್ರ.

ಮನೆ ಹೋದ ಮೇಲೆ ಒಂದು ದಿನ ಅಕ್ಕನ ಮಗನ ಮನೆಯಲ್ಲಿ ಅದನ್ನು ದೊಡ್ಡ ಟೀವಿಯ ಮೇಲೆ ಹಾಕಿ ತೋರಿಸಿದೆವು. ಎರಡು ನಿಮಿಷವಾಗಿರಲಿಲ್ಲ, ಅಕ್ಕ ಹಣೆಯ ಮೇಲೆ ಕೈಯಿಟ್ಟುಕೊಂಡು, "ಸಾಕು, ನಿಲ್ಲಿಸೋ. ತಲೆ ಸುತ್ತುತ್ತೆ. ಬಿಚ್ಚೋದಕ್ಕೆ ಮುಂಚೆಯೇ ಮನೆ ಬೀಳ್ತಾ ಇರೋ ಹಾಗೆ ಕಾಣುತ್ತೆ" ಎಂದಳು. ಅವಳ ಮಾತು ನಿಜವಾಗಿತ್ತು. ಕಂಬಗಳು ಓಲಾಡುತ್ತಿದ್ದವು, ಮಾಡು ಏರಿ ಇಳಿಯುತ್ತಿತ್ತು. ಮತ್ತೊಮ್ಮೆ ಹೋಗಿ ತೆಗೆದುಕೊಂಡು ಬರೋಣವೆಂದರೆ ಮನೆಯೇ ಇಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ತಿಳಿಯಬಾರದು.

ದೋಷ ನನ್ನ ಕೈಯದು. ಐದಾರು ವರ್ಷದಿಂದ ನನ್ನ ಬಲಗೈ ತುಸು ನಡುಗುತ್ತದೆ. ಆದರೆ ಕೇವಲ ಮುಪ್ಪನ್ನು ದೂರುವುದೂ ನ್ಯಾಯವಲ್ಲ. ಸ್ವಸ್ಥನಾದ ತರುಣನ ಕೈ ಕೂಡ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆ. ಅದರ ಮೇಲೆ ನಡೆಯುವಾಗ ಪ್ರತಿಯೊಂದು ಹೆಜ್ಜೆಗೂ ಒಂದು ಕುಲುಕು. ಹಿಂದಿನ ಕಾಲದ ಭಾರವಾದ ಕ್ಯಾಮರಾ ತನ್ನ ತೂಕದಿಂದಲೇ ಇವುಗಳನ್ನು ಸ್ವಲ್ಪ ತಡೆಯುತ್ತಿತ್ತು. ಅಂಗೈಯಗಲದ ಮೊಬೈಲಿಗೆ ಆ ಗುರುತ್ವವೆಲ್ಲಿಯದು?

ನನ್ನ ಹಳೆಯ ಶಿಷ್ಯನೊಬ್ಬನು ಮದುವೆ ಮುಂಜಿಗಳ ವಿಡಿಯೋ ತೆಗೆದು ಜೀವನ ನಡೆಸುತ್ತಾನೆ. ಶಾಲೆಯಲ್ಲಿ ನಾನು ಅವನ ಕಿವಿ ಹಿಂಡಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ್ದುಂಟು. ಅವನಲ್ಲಿಗೆ ಹೋಗಿ ಕಷ್ಟವನ್ನು ಹೇಳಿಕೊಂಡೆನು. "ಅಳಿಸಿಲ್ಲ ತಾನೆ ಮೇಷ್ಟ್ರೇ? ಹಾಗಾದರೆ ಭಯವಿಲ್ಲ" ಎಂದು ಹೇಳಿ, ನನ್ನ ಮನೆಯ ಕಂಪ್ಯೂಟರಿಗೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನದ ತಂತ್ರಾಂಶವನ್ನು ಹಾಕಿಕೊಟ್ಟನು. ಶುಲ್ಕವಿಲ್ಲದೆ ದೊರೆಯುವ ಆವೃತ್ತಿಯಲ್ಲಿಯೇ ಚಿತ್ರವನ್ನು ಸ್ಥಿರಗೊಳಿಸುವ ಅನುಕೂಲವಿದೆ. ಸಂಜೆಗಳಲ್ಲಿ ಅವನು ಗುರುವಾದನು, ನಾನು ಶಿಷ್ಯನಾದೆನು.

ಯಂತ್ರವು ಈ ಕೆಲಸವನ್ನು ಹೇಗೆ ಮಾಡುತ್ತದೆಂಬುದನ್ನು ಅವನು ವಿವರಿಸಿದಾಗ ನನಗೆ ಆರ್ಯಭಟನ ನೆನಪಾಯಿತು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಅಚಲವಾದ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುವುದೂ ಹಾಗೆಯೇ ಎಂದು ಅವನು 499ರ ಆರ್ಯಭಟೀಯದಲ್ಲಿ ಹೇಳಿದ್ದಾನಷ್ಟೆ. ಯಂತ್ರದ ಯುಕ್ತಿಯೂ ಇದೇ. ಕಿಟಕಿಯ ಮೂಲೆ, ಕಂಬದ ಮೊಳೆ, ಗೋಡೆಯ ಕಲೆ ಇಂತಹ ನೂರಾರು ಗುರುತುಗಳನ್ನು ಅದು ಆರಿಸಿಕೊಂಡು, ಒಂದು ಬಿಡಿಚಿತ್ರದಿಂದ ಇನ್ನೊಂದಕ್ಕೆ ಅವು ಎಷ್ಟು ಸರಿದುವೆಂದು ಅಳೆಯುತ್ತದೆ. ದಡವು ಹೀಗೆ ಸರಿದಂತೆ ಕಂಡಿತೆಂದರೆ ದೋಣಿಯು ಅದಕ್ಕೆ ವಿರುದ್ಧವಾಗಿ ಸರಿದಿರಬೇಕೆಂದು ಊಹಿಸಿ, ಹಿಡಿದ ಕೈಯ ಹಾದಿಯನ್ನು ಕಂಡುಹಿಡಿಯುತ್ತದೆ. ಬಳಿಕ ಆ ಅಂಕುಡೊಂಕಾದ ಹಾದಿಯ ಬದಲಿಗೆ ನಯವಾದ ಬೇರೊಂದು ಹಾದಿಯನ್ನು ಕಲ್ಪಿಸಿ, ಎರಡಕ್ಕೂ ಇರುವ ಅಂತರದಷ್ಟು ಪ್ರತಿಯೊಂದು ಬಿಡಿಚಿತ್ರವನ್ನೂ ಸರಿಸಿ, ತಿರುಗಿಸಿ ಇಡುತ್ತದೆ. ನನ್ನ ಚಿತ್ರದಲ್ಲಿ ಸೆಕೆಂಡಿಗೆ 30ರಂತೆ ಒಟ್ಟು 32,400 ಬಿಡಿಚಿತ್ರಗಳಿದ್ದುವು.

ನಯವಾದ ಹಾದಿಯೆಂದರೆ ಯಾವುದು? ಗ್ರುಂಡ್‌ಮನ್, ಕ್ವಾತ್ರಾ, ಎಸ್ಸಾ ಎಂಬ ಮೂವರು ವಿದ್ವಾಂಸರು 2011ರಲ್ಲಿ ಇದಕ್ಕೆ ಸೊಗಸಾದ ಉತ್ತರವನ್ನು ಕೊಟ್ಟರು. ಚಲನಚಿತ್ರದ ಕುಶಲಿಗಳು ಕ್ಯಾಮರಾವನ್ನು ನಿಶ್ಚಲವಾಗಿ ಇಡುತ್ತಾರೆ, ಇಲ್ಲವೆ ಸಮವೇಗದಿಂದ ಸಾಗಿಸುತ್ತಾರೆ, ಇಲ್ಲವೆ ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಹೊರಳಿಸುತ್ತಾರೆ. ಈ ಮೂರು ಬಗೆಯ ತುಂಡುಗಳಿಂದಲೇ ಹಾದಿಯನ್ನು ರಚಿಸಬೇಕೆಂಬುದು ಅವರ ವಿಧಾನ. ಈ ಬಗೆಯ ಲೆಕ್ಕಕ್ಕೆ ನನ್ನ ಮನಸ್ಸಿನ ಇಚ್ಛೆ ಏನೆಂಬುದು ತಿಳಿಯದು. ಅಕ್ಕ ತಿರುಗಿದ ಕಡೆಗೆ ನಾನು ಬೇಕೆಂದು ತಿರುಗಿದುದನ್ನೂ ಕೈ ಬೇಡದೆ ನಡುಗಿದುದನ್ನೂ ಅದು ವೇಗದಿಂದಲೇ ಬೇರ್ಪಡಿಸುತ್ತದೆ. ನಿಧಾನವಾದುದು ಉಳಿಯುತ್ತದೆ, ಚಂಚಲವಾದುದು ಕಳೆಯುತ್ತದೆ.

ಇಷ್ಟು ತಿಳಿದ ಮೇಲೆ ಕೆಲಸ ಸುಲಭವೆಂದು ನಾನು ಭಾವಿಸಿದ್ದು ತಪ್ಪಾಯಿತು. ತಂತ್ರಾಂಶದಲ್ಲಿ ಮೂರು ವಿಧಗಳಿವೆ. ಟ್ರಾನ್ಸ್‌ಲೇಷನ್ ಎಂಬುದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯುವುದನ್ನು ಮಾತ್ರ ತಿದ್ದುತ್ತದೆ. ಸಿಮಿಲಾರಿಟಿ ಎಂಬುದು ತಿರುಚುವಿಕೆಯನ್ನೂ ಹತ್ತಿರ ದೂರವಾಗುವುದನ್ನೂ ಸೇರಿಸಿಕೊಳ್ಳುತ್ತದೆ. ಪರ್ಸ್ಪೆಕ್ಟಿವ್ ಎಂಬುದು ನೋಟದ ಓರೆಯನ್ನೂ ಸರಿಪಡಿಸಹೊರಡುತ್ತದೆ. ಎಲ್ಲಕ್ಕಿಂತ ಹೆಚ್ಚಿನದು ಎಲ್ಲಕ್ಕಿಂತ ಉತ್ತಮವೆಂದುಕೊಂಡು ನಾನು ಕಡೆಯದನ್ನು ಆರಿಸಿದೆನು. ನಡುಕವೇನೋ ಹೋಯಿತು, ಆದರೆ ಹಲಸಿನ ಮರದ ಕಂಬಗಳು ಒಣಹಾಕಿದ ಒದ್ದೆ ಪಂಚೆಯಂತೆ ಬಳುಕಿದುವು. ಮಧ್ಯಮ ವಿಧಕ್ಕೆ ಇಳಿದಾಗ ಕಂಬಗಳು ಮತ್ತೆ ಕಂಬಗಳಾದುವು.

ಎರಡನೆಯ ತೊಡಕು ನಡುಮನೆಯ ಇಕ್ಕಟ್ಟಿನಲ್ಲಿ ಎದುರಾಯಿತು. ಅಲ್ಲಿ ಅಕ್ಕನ ಸೀರೆಯೇ ಚಿತ್ರದ ಬಹುಭಾಗವನ್ನು ತುಂಬಿತ್ತು. ಯಂತ್ರವು ಅವಳ ಸೀರೆಯ ಅಂಚನ್ನೇ ದಡವೆಂದು ಭ್ರಮಿಸಿ ಅವಳನ್ನು ಕದಲದಂತೆ ನಿಲ್ಲಿಸಿತು. ಗೋಡೆಗಳೆಲ್ಲ ಅವಳ ಸುತ್ತ ತೂಗಾಡಿದುವು. ನನ್ನ ಶಿಷ್ಯನು ಆ ಭಾಗವನ್ನು ಕತ್ತರಿಸಿ ಬೇರೆಮಾಡಿ, ಯಂತ್ರದ ಆಯ್ಕೆಗೆ ಬಿಡದೆ, ಗೋಡೆಯ ಮೇಲಿನ ಎರಡು ಗೂಟಗಳನ್ನು ತಾನೇ ಗುರುತಿಟ್ಟು ತೋರಿಸಿದನು. ಮೇಲಾಗಿ ಹದಿನೆಂಟು ನಿಮಿಷವನ್ನೂ ಒಂದೇ ಅಳತೆಯಿಂದ ತಿದ್ದಬಾರದೆಂಬ ಪಾಠವನ್ನೂ ಹೇಳಿದನು. ಅಕ್ಕ ಜಗಲಿಯಲ್ಲಿ ಕುಳಿತ ಭಾಗಕ್ಕೆ ಕ್ಯಾಮರಾ ಲಾಕ್ ಎಂಬ ಪೂರ್ಣ ನಿಶ್ಚಲತೆ ಒಪ್ಪಿತು. ನಡೆಯುವ ಭಾಗಗಳಿಗೆ ಅದು ಒಪ್ಪಲಿಲ್ಲ.

ಮೂರನೆಯದು ಬಾವಿಯ ಬಳಿ. ಅಲ್ಲಿ ಅಕ್ಕ ಕಟ್ಟೆಗೆ ಒರಗಿ ಅಮ್ಮನ ಕಡೆಯ ದಿನಗಳ ಮಾತನ್ನು ಎತ್ತಿದ್ದಳು. ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಹೊತ್ತು ಇಳಿದು ಬೆಳಕು ಮಂದವಾಗಿತ್ತು. ನನ್ನ ಕೈಯೂ ಎಂದಿಗಿಂತ ಹೆಚ್ಚಾಗಿ ನಡುಗಿತ್ತು. ಮಂದವಾದ ಬೆಳಕಿನಲ್ಲಿ ಪ್ರತಿಯೊಂದು ಬಿಡಿಚಿತ್ರಕ್ಕೂ ಹೆಚ್ಚು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಕೈ ಕದಲಿದರೆ ಚಿತ್ರ ಕಲಸಿಹೋಗುತ್ತದೆ. ಆ ಮಸುಕನ್ನು ಈ ವಿದ್ಯೆ ತೆಗೆಯಲಾರದು. ಚಿತ್ರವನ್ನು ನಿಲ್ಲಿಸಿದಾಗ ನಡುಕ ಕಾಣಿಸದೆ, ನಿಂತ ಬಾವಿಕಟ್ಟೆಯೂ ಅಕ್ಕನ ಮುಖವೂ ಕಾರಣವಿಲ್ಲದೆ ಆಗಾಗ ಮಸುಕಾಗಿ ಮತ್ತೆ ತಿಳಿಯಾಗುತ್ತಿದ್ದುವು. ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಹಾಗೆಯೇ ಬಿಡೋಣ ಮೇಷ್ಟ್ರೇ. ನಡುಕ ಇದ್ದರೆ ಮಸುಕು ಕಣ್ಣಿಗೆ ಕುಕ್ಕೋದಿಲ್ಲ" ಎಂದನು. ಆ ಅರ್ಧ ನಿಮಿಷವನ್ನು ಮುಟ್ಟಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ಅಕ್ಕನಿಗೆ ಚಿತ್ರವನ್ನು ಮತ್ತೆ ತೋರಿಸಿದೆನು. ಈ ಸಲ ಅವಳು ಹಣೆ ಹಿಡಿದುಕೊಳ್ಳಲಿಲ್ಲ. ಜಗಲಿ, ತೊಟ್ಟಿ, ನಡುಮನೆ ಎಲ್ಲವನ್ನೂ ಒಂದೇ ಸಮನೆ ನೋಡಿದಳು. ಬಾವಿಯ ಭಾಗ ಬಂದಾಗ ಏನೂ ಹೇಳಲಿಲ್ಲ. ಕೊನೆಯಲ್ಲಿ ಮಾತ್ರ, "ಎಲ್ಲಾ ಚೆನ್ನಾಗಿದೆ. ತುಳಸೀಕಟ್ಟೆಯ ಬುಡದಲ್ಲಿ ದೀಪದ ಗೂಡಿತ್ತಲ್ಲ, ಅದೆಲ್ಲಿ ಹೋಯಿತೋ?" ಎಂದು ಕೇಳಿದಳು.

ನಾನು ತಬ್ಬಿಬ್ಬಾದೆನು. ಆ ಗೂಡು ಮೂಲಚಿತ್ರದ ಕೆಳಅಂಚಿನಲ್ಲಿದ್ದಿತು. ಬಿಡಿಚಿತ್ರಗಳನ್ನು ಅತ್ತಿತ್ತ ಸರಿಸಿದಾಗ ಅಂಚಿನಲ್ಲಿ ಕಪ್ಪು ಖಾಲಿ ಉಳಿಯುತ್ತದೆ. ಅದು ಕಾಣದಿರಲೆಂದು ಚಿತ್ರವನ್ನು ಹಿಗ್ಗಿಸಿ ಅಂಚುಗಳನ್ನು ಕತ್ತರಿಸಬೇಕು. ಹೆಚ್ಚು ನಿಲ್ಲಿಸಿದಷ್ಟೂ ಹೆಚ್ಚು ಕತ್ತರಿಸಬೇಕು. ಅಗಲದಲ್ಲಿಯೂ ಎತ್ತರದಲ್ಲಿಯೂ ಹತ್ತರಲ್ಲೊಂದು ಪಾಲು ಹೋದರೆ ಕ್ಷೇತ್ರಫಲದಲ್ಲಿ ನೂರಕ್ಕೆ 81 ಮಾತ್ರ ಉಳಿಯುತ್ತದೆಂಬುದು ಶಾಲೆಯ ಹುಡುಗನಿಗೂ ತಿಳಿಯುವ ಲೆಕ್ಕ. ನಾನು ತುಳಸೀಕಟ್ಟೆಯನ್ನು ಬಂಡೆಯಂತೆ ನಿಲ್ಲಿಸಬೇಕೆಂಬ ಹಟದಿಂದ, ಅವಳು ಮೂವತ್ತು ವರ್ಷ ಪ್ರತಿ ಸಂಜೆ ದೀಪವಿಟ್ಟ ಗೂಡನ್ನೇ ಹೊರಗೆ ಹಾಕಿಬಿಟ್ಟಿದ್ದೆನು.

ಪುಣ್ಯವಶಾತ್ ಈ ತಂತ್ರಾಂಶವು ಮೂಲವನ್ನು ಕೆಡಿಸುವುದಿಲ್ಲ. ತಿದ್ದಿದುದೆಲ್ಲವೂ ಅದರ ಮೇಲಿನ ಬೇರೆ ಲೆಕ್ಕವಾಗಿರುತ್ತದೆ. ಮನೆಗೆ ಬಂದವನೇ ಆ ಭಾಗದ ಕ್ರಾಪಿಂಗ್ ರೇಷಿಯೋವನ್ನು ಒಂದರ ಸಮೀಪಕ್ಕೆ ಏರಿಸಿದೆನು. ಆ ಅಂಕಿ ಒಂದಾದರೆ ಅಂಚು ಕಿಂಚಿತ್ತೂ ಹೋಗುವುದಿಲ್ಲ, ನಡುಕವೂ ಕಿಂಚಿತ್ತೂ ತಗ್ಗುವುದಿಲ್ಲ. ಇಳಿಸಿದಂತೆ ಎರಡೂ ಒಟ್ಟಿಗೆ ಕಡಮೆಯಾಗುತ್ತವೆ. ಎಳ್ಳಷ್ಟು ಎಳ್ಳಷ್ಟು ಸರಿಸಿ ನೋಡುತ್ತ, ಗೂಡು ಪೂರ್ತಿಯಾಗಿ ಒಳಗೆ ಬಂದ ಕೂಡಲೆ ನಿಲ್ಲಿಸಿದೆನು. ಕಟ್ಟೆ ಸ್ವಲ್ಪ ಅಲುಗುತ್ತಿತ್ತು.

ಇಂತಹ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳತಕ್ಕದ್ದು ಇಷ್ಟೆ. ತೆಗೆಯುವಾಗಲೇ ಎರಡು ಕೈಗಳಿಂದ ಹಿಡಿದು ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿರಿ, ಬೆಳಕಿರುವಾಗ ತೆಗೆಯಿರಿ, ಪ್ರಿಯವಾದ ವಸ್ತುವನ್ನು ಅಂಚಿಗೆ ಬಿಡದೆ ಸುತ್ತಲೂ ಧಾರಾಳವಾಗಿ ಎಡೆಯಿಡಿರಿ. ಮೂಲವನ್ನು ಎಂದಿಗೂ ಅಳಿಸಬೇಡಿರಿ. ಕಣ್ಣಿಗೆ ಎಷ್ಟು ಬೇಕೋ ಅಷ್ಟು ಮಾತ್ರ ನಿಲ್ಲಿಸಿರಿ. ಎಷ್ಟು ಬೇಕೆಂಬುದನ್ನು ನೋಡುವವರನ್ನು ಕೇಳಿಯೇ ತಿಳಿಯಬೇಕು.

ಮುಂದಿನ ಭಾನುವಾರ ಅಕ್ಕನಿಗೆ ತುಳಸೀಕಟ್ಟೆಯನ್ನು ತೋರಿಸಿ, "ಸ್ವಲ್ಪ ಅಲ್ಲಾಡುತ್ತೆ, ತಲೆ ಸುತ್ತೀತೇನೋ" ಎಂದೆನು.

ಅವಳು ಗೂಡನ್ನೇ ನೋಡುತ್ತ, "ಇಷ್ಟು ಅಲ್ಲಾಡಿದರೆ ಏನಂತೆ? ನಿನ್ನ ಕೈ ತಾನೆ" ಎಂದಳು.