ಹಾಳೆಯ ಹೊರೆ

‘ಪೋರ್ಟ್‌ಫೋಲಿಯೊ’ ಎಂಬ ಶಬ್ದ ಬಹುರೂಪಿ. ರಾಜಕಾರಣದಲ್ಲಿ ಅದು ಮಂತ್ರಿಯ ಖಾತೆ. ಹಣವಂತರ ಬಾಯಲ್ಲಿ ಷೇರುಗಳ ಗಂಟು. ಚಿತ್ರಕಾರನ ಕಂಕುಳಲ್ಲಿ ಅವನ ಕೃತಿಗಳ ಮಾದರಿಗಳನ್ನಿಟ್ಟ ಕಡತ. ಮೂಲ ಹುಡುಕಿದರೆ ಇಟಲಿಯವರ ಮಾತಿನಲ್ಲಿ ಅದು ಬರಿಯ ‘ಹಾಳೆ ಹೊರುವ’ ವಸ್ತು. ಖಾತೆಯಿಲ್ಲದ ಮಂತ್ರಿಗೂ ಕಾರು, ಬಂಗಲೆ ತಪ್ಪುವುದಿಲ್ಲ. ಕಡತವಿಲ್ಲದ ಕಲಾವಿದನ ಪಾಡು ಹಾಗಲ್ಲ.

ಈಚೆಗೆ ಆಫ್ರಿಕದ ಘಾನಾ ದೇಶದ ಕಲಾವಿದರ ವಿಚಾರ ಓದುತ್ತಿದ್ದಾಗ ಈ ಹೊರೆಯ ತೂಕ ನನಗೆ ತಿಳಿಯಿತು. ಕನ್ನಡ ಪಾಠ ಹೇಳಿಕೊಂಡಿರುವ ನಾನು ಆ ನಾಡನ್ನು ಕಂಡವನಲ್ಲ. ಆದರೂ ಅಕ್ರಾದಲ್ಲೋ ಕುಮಾಸಿಯಲ್ಲೋ ಒಬ್ಬ ತರುಣ ರಾತ್ರಿ ಕುಳಿತು ತನ್ನ ಕೃತಿಗಳ ಹತ್ತು ಹದಿನೈದು ಛಾಯಾಚಿತ್ರಗಳನ್ನು ಆರಿಸುವುದನ್ನು ಊಹಿಸಬಲ್ಲೆ. ಪ್ರತಿಯೊಂದರ ಕೆಳಗೆ ಅಳತೆ, ವರ್ಷ, ಬಳಸಿದ ಸಾಮಗ್ರಿ. ಕೊನೆಗೆ ‘ನನ್ನ ಕಲೆ ಏನು’ ಎಂಬ ಒಂದು ಪುಟದ ನಿವೇದನೆ. ಅದು ಲಂಡನ್ನಿನ ಗ್ಯಾಲರಿಗೋ ಯೂರೋಪಿನ ಕಲಾಶಾಲೆಗೋ ಹೋಗಬೇಕು. ಮನುಷ್ಯನಿಗೆ ವೀಸಾ ಬೇಕು, ಕಡತಕ್ಕೆ ಬೇಡ. ಆದ್ದರಿಂದ ಯಜಮಾನನಿಗಿಂತ ಮೊದಲು ಕಡತವೇ ಕಡಲು ದಾಟುತ್ತದೆ.

ಈ ಉಪಾಯ ಹೊಸತೇನಲ್ಲ. ಘಾನಾದ ಮೊದಲ ವೃತ್ತಿಪರ ಮಹಿಳಾ ಛಾಯಾಗ್ರಾಹಕಿ ಎನಿಸಿದ ಫೆಲಿಸಿಯಾ ಅಬ್ಬಾನ್ ಸಮಾರಂಭಗಳಿಗೆ ಹೊರಡುವ ಮುನ್ನ ಸಿಂಗರಿಸಿಕೊಂಡು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿದ್ದರು. ‘ನಮ್ಮ ಸ್ಟುಡಿಯೋದಲ್ಲಿ ನೀವೂ ಹೀಗೆ ಕಾಣಬಹುದು’ ಎಂಬುದಕ್ಕೆ ಅದೇ ಜಾಹೀರಾತು. ೨೦೧೯ರಲ್ಲಿ ವೆನಿಸ್ ಕಲಾಮೇಳದಲ್ಲಿ ಘಾನಾ ಮೊದಲ ಸಲ ತನ್ನದೇ ಮಂಟಪ ತೆರೆದಾಗ, ಆ ಚಿತ್ರಗಳೇ ಕಲಾಕೃತಿಗಳಾಗಿ ಗೋಡೆ ಏರಿದವು. ಅಂಗಡಿಯ ಬೋರ್ಡು ದೇವಸ್ಥಾನದೊಳಕ್ಕೆ ಹೋದಂತೆ!

ಇಂದಿನ ಕಡತವಾದರೋ ಅಂಗೈಯಲ್ಲಿದೆ. ಅಕ್ರಾದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಕಲಿಯುತ್ತಿದ್ದ ಅಮೊಆಕೊ ಬೊಆಫೊ, ಕುಂಚ ಬಿಟ್ಟು ಬೆರಳುಗಳಿಂದಲೇ ಮುಖಗಳನ್ನು ಬಿಡಿಸುವವರು. ೨೦೧೮ರಲ್ಲಿ ಅಮೆರಿಕದ ಹೆಸರಾಂತ ಚಿತ್ರಕಾರ ಕೆಹಿಂಡೆ ವೈಲಿ ಇನ್‌ಸ್ಟಾಗ್ರಾಂನಲ್ಲಿ ಆ ಚಿತ್ರಗಳನ್ನು ಕಂಡು ಗ್ಯಾಲರಿಗಳಿಗೆ ಶಿಫಾರಸು ಮಾಡಿದರು. ಅಲ್ಲಿಂದ ಅದೃಷ್ಟ ತಿರುಗಿತು. ೨೦೨೦ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ, ೩೦ರಿಂದ ೫೦ ಸಾವಿರ ಪೌಂಡು ಬಂದೀತೆಂದಿದ್ದ ಅವರ ಒಂದು ಚಿತ್ರಕ್ಕೆ ೬,೭೫,೦೦೦ ಪೌಂಡು ಬಿತ್ತು. ಹರಾಜಿನ ಹಣ ಸೇರುವುದು ಮಾರಿದವನಿಗೆ, ಬರೆದವನಿಗಲ್ಲ. ಪೋರ್ಟ್‌ಫೋಲಿಯೊದ ಎರಡು ಅರ್ಥಗಳೂ ಅಲ್ಲಿ ಒಂದಾದವು: ಕಲಾವಿದನ ಹಾಳೆ ಸಾಹುಕಾರನ ಷೇರಾಯಿತು. ಇಂಥ ಪೇಟೆಯಲ್ಲಿ ಇನ್ನೊಂದು ಅಪಾಯವೂ ಇದೆ. ಗೆದ್ದ ಹಾಳೆಯಂಥದನ್ನೇ ಮತ್ತೆ ಮತ್ತೆ ಬರೆದುಕೊಡೆಂದು ಕೊಳ್ಳುವವರು ಕೇಳತೊಡಗುತ್ತಾರೆ. ಬಾಗಿಲು ತೆರೆದ ಕೀಲಿಕೈಯೇ ಬೀಗವಾಗುತ್ತದೆ.

ಕಡತದಿಂದ ಹೊರಗೆ ಹೋದವರೂ ಉಂಟು. ಕೋಕೋ, ಇದ್ದಿಲು ಹೊತ್ತು ಸವೆದ ಗೋಣಿಚೀಲಗಳನ್ನು ಹೊಲಿಸಿ ಕಟ್ಟಡಗಳಿಗೇ ಹೊದಿಸುವ ಇಬ್ರಾಹಿಂ ಮಹಾಮ, ತಮ್ಮೂರು ತಮಾಲೆಯಲ್ಲಿ ೨೦೧೯ರಲ್ಲಿ ಕಲಾಕೇಂದ್ರ ತೆರೆದರು. ಆಮೇಲೆ ಹಳೆಯ ವಿಮಾನಗಳನ್ನು ತರಿಸಿ ಮಕ್ಕಳ ಪಾಠಶಾಲೆ ಮಾಡಿದರು. ಅದನ್ನು ಯಾವ ಕಡತದಲ್ಲಿ ಮಡಿಚಿಡುವುದು?

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಎಲ್ ಅನಾಟ್ಸುಯಿ ಅವರ ಬಳಿ. ಅವರೂ ಮೇಷ್ಟರು ಎಂಬುದು ಒಂದು ಕಾರಣವಿರಬಹುದು. ೧೯೪೪ರಲ್ಲಿ ಘಾನಾದಲ್ಲಿ ಹುಟ್ಟಿ, ಕುಮಾಸಿಯಲ್ಲಿ ಕಲಿತು, ೧೯೭೫ರಿಂದ ನೈಜೀರಿಯದ ನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಐವತ್ತನೆಯ ವಯಸ್ಸಿನಲ್ಲಿ ಅವರ ಕಡತ ಬಿಚ್ಚಿದ್ದರೆ ಮರ, ಮಣ್ಣುಗಳ ಕೆಲಸ ಸಿಗುತ್ತಿತ್ತು. ಮದ್ಯದ ಸೀಸೆಗಳ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದ ಲೋಹದ ವಸ್ತ್ರಗಳು, ಇಂದು ಅವರ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವಂಥವು, ಅಲ್ಲಿ ಒಂದಂಗುಲವೂ ಇರುತ್ತಿರಲಿಲ್ಲ. ಅವು ಹುಟ್ಟಿದ್ದೇ ಆಮೇಲೆ. ೨೦೧೫ರಲ್ಲಿ ವೆನಿಸ್ಸಿನಲ್ಲಿ ಜೀವಮಾನದ ಸಾಧನೆಗೆ ಸ್ವರ್ಣಸಿಂಹ ಬಂತು. ಆ ವಸ್ತ್ರಗಳೂ ತೂಗುಹಾಕಿದ ಪ್ರತಿ ಸಲ ಬೇರೆ ಬೇರೆ ಮಡಿಕೆ ತಾಳುತ್ತವೆ. ಛಾಯಾಚಿತ್ರಕ್ಕೆ ಸಿಕ್ಕುವುದು ಅಂದಿನ ಮಡಿಕೆಯಷ್ಟೆ.

ಹಾಗೆಂದು ಕಡತ ಬೇಡವೆನ್ನಲಾದೀತೆ? ಅಕ್ರಾದ ಆ ತರುಣನಿಗೆ ಅದೇ ಹಡಗು. ಅವನು ಆರಿಸಲಿ, ಜೋಡಿಸಲಿ, ಕಳಿಸಲಿ. ಅತ್ತ ಅದನ್ನು ಬಿಚ್ಚುವ ದೊಡ್ಡವರು ಮಾತ್ರ ಇಷ್ಟು ನೆನಪಿಟ್ಟರೆ ಸಾಕು: ಕಡತ ಹೊರುವುದು ಮನುಷ್ಯ ನಿನ್ನೆಯವರೆಗೆ ಮಾಡಿದ್ದನ್ನು. ನಲವತ್ತು ದಾಟಿದ ನನ್ನಂಥ ಮೇಷ್ಟರಿಗೂ ಈ ಮಾತಿನಲ್ಲಿ ಕೊಂಚ ಸ್ವಾರ್ಥವಿದೆ ಎಂದರೆ, ಇಲ್ಲವೆನ್ನಲಾರೆ.