ಬೇಟೆಯ ಊರಿನಲ್ಲಿ ತಂಗಿಯ ಬೆನ್ನುಚೀಲ

ಅಮೆರಿಕ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ಸಾಲು ಸಾಲು ಕಾರುಗಳು. ನನ್ನ ತಂಗಿ ಇರುವ ಬೋಜ್‌ಮನ್ ಅಂಥ ಊರಲ್ಲ. ಮೊಂಟಾನಾ ರಾಜ್ಯದಲ್ಲಿ, ಸುಮಾರು 1,470 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವೆ ಇರುವ ಊರು. 2024ರ ಅಕ್ಟೋಬರ್‌ನಲ್ಲಿ ನಾನು ಹೋದಾಗ ಬ್ರಿಜರ್ ಬೆಟ್ಟಸಾಲಿನ ನೆತ್ತಿಯಲ್ಲಿ ಆಗಲೇ ಹಿಮ. ಅಂಗಡಿಗಳಲ್ಲೆಲ್ಲ ಕಿತ್ತಳೆ ಬಣ್ಣದ ಕೋಟು, ಟೋಪಿಗಳನ್ನು ತೂಗುಹಾಕಿದ್ದರು. ಏನೇ ಇದು, ಹಬ್ಬವೇ ಅಂತ ಕೇಳಿದೆ.

"ಹಬ್ಬವೇ ಅಂದ್ಕೊ ಅಕ್ಕ. ಬೇಟೆಯ ಕಾಲ ಬಂತು" ಎಂದಳು.

ಅಕ್ಟೋಬರ್ ಕೊನೆಯಲ್ಲಿ ಶುರುವಾಗಿ ಐದು ವಾರ ಅಲ್ಲಿ ಬಂದೂಕಿನ ಬೇಟೆಗೆ ಅನುಮತಿ. ಲೈಸೆನ್ಸ್ ಬೇಕು, ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲದಿರಲೆಂದು ಕಿತ್ತಳೆ ಬಟ್ಟೆ ಕಡ್ಡಾಯ. ನಮ್ಮ ಮಲೆನಾಡಿನಲ್ಲೂ ಅಜ್ಜನ ಕಾಲದಲ್ಲಿ ಶಿಕಾರಿ ಇತ್ತು. 1972ರ ವನ್ಯಜೀವಿ ಕಾಯಿದೆಯಿಂದ ಅದಕ್ಕೆ ತಡೆ ಬಿತ್ತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಅಲ್ಲಿನ ರೀತಿ ಬೇರೆ. ಹೊಡೆದ ಪ್ರಾಣಿಯ ತಿನ್ನುವ ಮಾಂಸವನ್ನು ಕಾಡಿನಲ್ಲೇ ಬಿಟ್ಟುಬರುವುದು ಅಪರಾಧ. ಎಲ್ಕ್ ಎಂದರೆ ನಮ್ಮ ಕಡವೆಯ ದಾಯಾದಿ. ದೊಡ್ಡ ಗಂಡು 300 ಕಿಲೋ ದಾಟುತ್ತದೆ, ಮೂಳೆ ಬಿಡಿಸಿದರೂ 80-100 ಕಿಲೋ ಮಾಂಸ. ರಸ್ತೆಯಿಲ್ಲದ ಬೆಟ್ಟದಿಂದ ಅದನ್ನೆಲ್ಲ ಬೆನ್ನ ಮೇಲೆಯೇ ಹೊತ್ತು ತರಬೇಕು.

ನನ್ನ ತಂಗಿ ಬಂದೂಕು ಮುಟ್ಟುವುದಿಲ್ಲ, ಹೊರುವ ಪಾಲು ಮಾತ್ರ ಅವಳದು. ಅವಳ ತೂಕವೇ 48 ಕಿಲೋ! ನಮ್ಮ ಮನೆತನವೇ ಹಾಗೆ, ಎಲ್ಲರೂ ಕಡ್ಡಿಗಳು. 2023ರಲ್ಲಿ ಗಂಡನ ಚೀಲವನ್ನೇ ಬಿಗಿದುಕೊಂಡು ಹೋಗಿದ್ದಳಂತೆ. ಸೊಂಟದ ಬೆಲ್ಟು ಎಷ್ಟು ಎಳೆದರೂ ಸಡಿಲ, ಭಾರವೆಲ್ಲ ಭುಜದ ಮೇಲೆ. ಬಂದಮೇಲೆ ಮೂರು ವಾರ ಬಲಗೈ ಬೆರಳುಗಳು ಜೋಮು; ಕಾಫಿ ಲೋಟ ಎತ್ತಲೂ ಆಗುತ್ತಿರಲಿಲ್ಲ. ಭುಜದ ಪಟ್ಟಿ ನರವನ್ನು ಒತ್ತಿದೆ, ಮತ್ತೆ ಹೀಗಾದರೆ ಕೈ ಬಲ ಕಡಿಮೆಯಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. "ಈ ಸಲ ನೀನು ಕಾರಿನ ಹತ್ತಿರವೇ ಇರು" ಎಂದು ಗಂಡನ ಸ್ನೇಹಿತರು ಅಂದದ್ದು ಅವಳಿಗೆ ಕೈನೋವಿಗಿಂತ ಹೆಚ್ಚು ನೋಯಿಸಿತ್ತು.

ಆ ಊರಿಗೂ ಬೆನ್ನುಚೀಲಕ್ಕೂ ಹಳೆಯ ನಂಟು. ಹೊರೆಚೀಲಗಳಿಗೆ ಹೆಸರಾದ ಮಿಸ್ಟರಿ ರ್‍ಯಾಂಚ್ ಕಂಪನಿಯನ್ನು ಡೇನಾ ಗ್ಲೀಸನ್ ಎಂಬವರೂ ರೆನೆ ಸಿಪ್ಪೆಲ್-ಬೇಕರ್ ಎಂಬ ಮಹಿಳೆಯೂ ಸೇರಿ 2000ರಲ್ಲಿ ಕಟ್ಟಿದ್ದು ಅಲ್ಲೇ. ಹಾಗಾಗಿ ಅಂಗಡಿಯವರಿಗೆ ಇದರ ಒಳಗುಟ್ಟು ಚೆನ್ನಾಗಿ ಗೊತ್ತು. ನಾವು ಹೋದ ಅಂಗಡಿಯ ಹೆಂಗಸು ಚೀಲ ತೋರಿಸುವ ಮೊದಲು ಟೇಪು ತೆಗೆದಳು, ನಮ್ಮ ದರ್ಜಿಯ ಹಾಗೆ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಗಂಟು ಎದ್ದು ಕಾಣುತ್ತದಲ್ಲ, ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಬೆನ್ನು ಅಳೆದಳು. ಹದಿನಾರು ಇಂಚು ಬಂತು. ಚೀಲದ ಅಳತೆ ಈ ಬೆನ್ನಿನುದ್ದದ ಮೇಲೆಯೇ, ಆಳಿನ ಎತ್ತರದ ಮೇಲಲ್ಲ. ಸೊಂಟದ ಸುತ್ತಳತೆಯನ್ನೂ ಲಂಗದ ದಾರ ಕಟ್ಟುವಲ್ಲಿ ತೆಗೆಯಲಿಲ್ಲ. ಮೂಳೆಯ ಮೇಲೆಯೇ ತೆಗೆದಳು.

ಆಮೇಲೆ ಚೀಲದೊಳಗೆ ಮರಳಿನ ಮೂಟೆ ಇಟ್ಟು ಹೊರಿಸಿದಳು. ಖಾಲಿ ಚೀಲ ಎಲ್ಲರಿಗೂ ಒಪ್ಪುತ್ತದೆ, ಭಾರ ಹಾಕಿದಾಗಲೇ ಅದರ ಬುದ್ಧಿ ತಿಳಿಯುವುದು. ಮೊದಲನೆಯದರಲ್ಲಿ ಬೆಲ್ಟಿನ ಎರಡೂ ಮೆತ್ತೆಗಳು ಹೊಟ್ಟೆಯ ಮುಂದೆ ಒಂದಕ್ಕೊಂದು ತಾಗಿಬಿಟ್ಟವು. ಇನ್ನು ಬಿಗಿಯಲು ಜಾಗವೇ ಇಲ್ಲ. "ಇದು ಬೇಡ" ಎಂದು ಅವಳೇ ತೆಗೆದಿಟ್ಟಳು. ಸಣಕಲು ಮೈಯವರಿಗೆ ತೊಡಕಾಗುವುದು ಹೆಚ್ಚಾಗಿ ಇಲ್ಲೇ ಅಂತೆ. ಎರಡನೆಯದರ ಫ್ರೇಮು ಎತ್ತರವಾಗಿ, ತಲೆ ಎತ್ತಿದರೆ ಹಿಂದೆ ಬಡಿಯುತ್ತಿತ್ತು. ಮೂರನೆಯದಕ್ಕೆ ಬೆಲ್ಟು ಬೇರೆ ಅಳತೆಯದನ್ನು ಜೋಡಿಸಬಹುದಿತ್ತು. ಚಿಕ್ಕದನ್ನು ಹಾಕಿದಾಗ ಮೆತ್ತೆಗಳ ನಡುವೆ ಒಂದು ಗೇಣಿನಷ್ಟು ಜಾಗ ಉಳಿಯಿತು.

ಕಟ್ಟುವುದಕ್ಕೂ ಕ್ರಮವಿದೆ. ಮೊದಲು ಸೊಂಟದ ಬೆಲ್ಟು, ಮೂಳೆಯನ್ನು ತಬ್ಬಿಹಿಡಿಯುವ ಹಾಗೆ. ಆಮೇಲೆ ಭುಜದ ಪಟ್ಟಿ, ಆದರೆ ಸೊಂಟದಿಂದ ಭಾರ ಮೇಲೇಳುವಷ್ಟು ಎಳೆಯಬಾರದು. ಭುಜದಿಂದ ಫ್ರೇಮಿನ ತಲೆಗೆ ಓರೆಯಾಗಿ ಏರುವ ಎರಡು ಚಿಕ್ಕ ಪಟ್ಟಿಗಳಿರುತ್ತವೆ, ಅವನ್ನು ಎಳೆದರೆ ಹೊರೆ ಹಿಂದಕ್ಕೆ ಜೋಲದೆ ಬೆನ್ನಿಗೆ ಅಂಟುತ್ತದೆ. ಕೊನೆಗೆ ಎದೆಯ ಬಕಲ್. ಮಾಂಸದ ಮೂಟೆ ಚೀಲದೊಳಗಲ್ಲ, ಚೀಲಕ್ಕೂ ಫ್ರೇಮಿಗೂ ನಡುವೆ, ಬೆನ್ನಿಗೆ ಒತ್ತಿಕೊಂಡು ಕೂರಬೇಕು. ಇದನ್ನೆಲ್ಲ ಕೇಳುವಾಗ ನನಗೆ ಬಾವಿಯಿಂದ ನೀರು ತರುತ್ತಿದ್ದ ದಿನಗಳು ನೆನಪಾದವು. ತುಂಬಿದ ಕೊಡವನ್ನು ನಾವು ಕೈಯಲ್ಲಿ ತೂಗಾಡಿಸುತ್ತಿದ್ದೆವೇ? ಸೊಂಟದ ಮೂಳೆಯ ಮೇಲೆ ಕೂರಿಸಿ, ಮೈಗೆ ಒತ್ತಿ ಹಿಡಿದು ನಡೆಯುತ್ತಿದ್ದೆವು. ತಂಗಿ ಅದನ್ನು ಕನ್ನಡದಲ್ಲಿ ಕೇಳಿ ನಕ್ಕು ಇಂಗ್ಲಿಷಿಗೆ ತಿರುಗಿಸಿದಳು. ಅಂಗಡಿಯಾಕೆ ಸೊಂಟದ ಮೇಲೆ ಮಗು ಎತ್ತಿಕೊಂಡಂತೆ ಅಭಿನಯಿಸಿ ತಲೆಯಾಡಿಸಿದಳು. ಬೆಲೆ ಮಾತ್ರ ಕೇಳಬೇಡಿ.

ಮನೆಗೆ ಬಂದಮೇಲೆ ಇಪ್ಪತ್ತು ಪೌಂಡಿನ ಎರಡು ಸೋನಾ ಮಸೂರಿ ಚೀಲ ತುಂಬಿದೆವು. ಅಂದರೆ 18 ಕಿಲೋ. ಊರಿನ ಅಂಚಿನ ಗುಡ್ಡದ ಮೇಲೆ ಬಿಳಿಕಲ್ಲಿನಲ್ಲಿ ದೊಡ್ಡದಾಗಿ 'ಎಂ' ಅಕ್ಷರ ಇದೆ, ವಿದ್ಯಾರ್ಥಿಗಳು ನೂರು ವರ್ಷಗಳ ಹಿಂದೆ ಮಾಡಿದ್ದು. ಅಲ್ಲಿಗೆ ಕಡಿದಾದ ಒಂದು ದಾರಿ, ಸುತ್ತಿಬಳಸುವ ಇನ್ನೊಂದು. ಅವಳು ಕಡಿದಾದದ್ದನ್ನು ಹಿಡಿದಳು, ನಾನು ಸುತ್ತಿಬಳಸಿ ಹೋದೆ. ಮೇಲೆ ಸಿಕ್ಕಾಗ ಅವಳ ಸೊಂಟದ ಮೂಳೆಯ ಮೇಲೆ ಕೆಂಪು ಗುರುತು ಎದ್ದಿತ್ತು. ಮಾಂಸವಿಲ್ಲದ ಮೈಗೆ ಎಷ್ಟು ಮೆತ್ತೆಯಿದ್ದರೂ ಅಷ್ಟು ತಪ್ಪದು. ಬೆರಳುಗಳು ಚೆನ್ನಾಗಿದ್ದವು. ಆದರೂ ನಾನು ಬಿಡಲಿಲ್ಲ: "ಚೀಲ ಎಷ್ಟೇ ಒಳ್ಳೆಯದಾದರೂ 18 ಕಿಲೋ 18 ಕಿಲೋನೇ ಕಣೇ. ಒಂದು ಸುತ್ತು ಹೆಚ್ಚಾದರೂ ಸರಿ, ಹೊರೆ ಕಡಿಮೆ ಇರಲಿ." ಕಡೆಗೆ 15 ಕಿಲೋಗೆ ಒಪ್ಪಿದಳು.

26ನೇ ತಾರೀಖು ಬೆಳಗಿನ ಜಾವ ಹೊರಟರು. ಕತ್ತಲಾದ ಮೇಲೆಯೇ ಹಿಂದಿರುಗಿದ್ದು. ಗಂಡಸರು ಇಬ್ಬರು, ಇವಳೊಬ್ಬಳು, ತಲಾ ಎರಡು ಸುತ್ತು ಹೊತ್ತಿದ್ದರಂತೆ. ನಾನು ಎಲ್ಕ್ ಸುದ್ದಿ ಕೇಳಲಿಲ್ಲ, ಕೈ ತೋರಿಸು ಅಂದೆ. ಮರುದಿನ ಅವಳೇ ದೀಪಾವಳಿಗೆ ಹಿಟ್ಟು ಕಲಸಿ, ಬಲಗೈಯಲ್ಲೇ ಚಕ್ಕುಲಿ ಒರಳು ತಿರುಗಿಸಿದಳು.