ಮೂರು ಸ್ಪ್ರಿಂಗಿನ ಬೆನ್ನು ಹತ್ತಿ

ಪುನರ್ವಸು ಮಳೆಯ ಗಾಳಿಗೆ ಸಿಲ್ವರ್ ಓಕ್ ಮರವೊಂದು ತೋಟದ ದಾರಿಗೆ ಅಡ್ಡ ಬಿತ್ತು. ಅಟ್ಟದಿಂದ ಹಳೆಯ ಚೈನ್‌ಸಾ ಇಳಿಸಿದೆ. ಸ್ಟಿಲ್ 038. ಕೊಪ್ಪದ ಕಡೆಯ ಕಾಫಿ ತೋಟದವರಿಂದ ಅಪ್ಪಯ್ಯ ಸೆಕೆಂಡ್‌ಹ್ಯಾಂಡ್‌ಗೆ ಕೊಂಡು ತಂದದ್ದು. ನಾಲ್ಕನೇ ಎಳೆತಕ್ಕೆ ಹತ್ತಿಕೊಂಡಿತು. ಆದರೆ ಎಕ್ಸಿಲೇಟರ್ ಬಿಟ್ಟರೂ ಚೈನು ನಿಲ್ಲಲಿಲ್ಲ. ಮೆಲ್ಲಗೆ ತೆವಳುತ್ತಲೇ ಇತ್ತು. ಅಂಥ ಚೈನು ಹಿಡಿದು ಯಾರೂ ಮರದ ಹತ್ತಿರ ಹೋಗಬಾರದು. ಸ್ಲೋ ರನ್ನಿಂಗ್ ಸ್ಕ್ರೂ ತಿರುಗಿಸಿ ಇಳಿಸುತ್ತ ಹೋದೆ. ಚೈನು ನಿಲ್ಲುವ ಮೊದಲೇ ಇಂಜಿನ್ ನಿಂತಿತು. ರೋಗ ಕ್ಲಚ್ಚಿನದು.

ಈ ಕ್ಲಚ್ಚಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಬೈಕಿನದ್ದರ ಹಾಗೆ ಇದಕ್ಕೆ ಲಿವರ್ ಇಲ್ಲ, ಕೇಬಲ್ ಇಲ್ಲ. ಮೂರು ಶೂ, ಅವನ್ನು ಒಳಕ್ಕೆ ಎಳೆದು ಹಿಡಿದ ಮೂರು ಪುಟ್ಟ ಸ್ಪ್ರಿಂಗು, ಸುತ್ತ ಬಟ್ಟಲಿನಂಥ ಡ್ರಮ್ಮು, ಅಷ್ಟೆ. ಇಂಜಿನ್ ನಿಮಿಷಕ್ಕೆ 2500 ಸುತ್ತಿನ ಆಸುಪಾಸಿನಲ್ಲಿ ಗುನುಗುವಾಗ ಸ್ಪ್ರಿಂಗಿನದೇ ಮೇಲುಗೈ. ವೇಗ ಏರಿತೋ, ಜಾತ್ರೆಯ ರಾಟೆಯಲ್ಲಿ ಕೂತ ಮಕ್ಕಳು ಹೊರಕ್ಕೆ ವಾಲುವಂತೆ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ, ಚೈನು ಓಡುತ್ತದೆ. ಯಾರೂ ಹೇಳಿಕೊಡದೆ ಆ ಮೂರು ಸ್ಪ್ರಿಂಗಿಗೆ ಹಿಡಿಯುವ ಹೊತ್ತೂ ಗೊತ್ತು, ಬಿಡುವ ಹೊತ್ತೂ ಗೊತ್ತು.

ಬಿಚ್ಚುವುದೂ ನನಗೆ ಸುಖವೇ. ಪ್ಲಗ್ ತೆಗೆದು, ಪಿಸ್ಟನ್ನನ್ನು ಹೊಗೆ ಹೋಗುವ ಕಿಂಡಿ ದಾಟುವಷ್ಟು ಮೇಲಕ್ಕೆ ತಂದು, ಸಿಲಿಂಡರಿನೊಳಗೆ ಮೆತ್ತನೆಯ ಹಗ್ಗ ತುರುಕಬೇಕು. ಆಗ ಪಿಸ್ಟನ್ ಹಗ್ಗಕ್ಕೆ ಒತ್ತಿ ನಿಲ್ಲುತ್ತದೆ, ಶಾಫ್ಟು ಕದಲುವುದಿಲ್ಲ. ಕ್ಲಚ್ಚಿನದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಓಡಿದಷ್ಟೂ ತಾನೇ ಬಿಗಿಯಾಗಲಿ ಎಂದು ಮಾಡಿದ ಏರ್ಪಾಡು ಅದು. ಒಳಗೆ ನೋಡಿದರೆ ಎರಡು ಸ್ಪ್ರಿಂಗು ಜೋಲು ಬಿದ್ದಿದ್ದವು. ಡ್ರಮ್ಮಿನ ಒಳಮೈ ಕಾದು ನೀಲಿಗಟ್ಟಿತ್ತು. ಹೋದ ಬೇಸಿಗೆಯಲ್ಲಿ ಚೈನ್ ಬ್ರೇಕ್ ಬಿಡದೆ ಎಕ್ಸಿಲೇಟರ್ ಒತ್ತಿದ್ದು ನಾನೇ. ಆ ನೀಲಿ ನೋಡಿ ಹೊಟ್ಟೆ ಚುರುಕ್ಕೆಂದಿತು.

ಆಮೇಲೆ ಶುರುವಾಯಿತು ಹುಡುಕಾಟ. ಪೇಟೆಯ ಅಂಗಡಿಯವರು ಕೈಯಲ್ಲೂ ಮುಟ್ಟದೆ, "ಈ ಮಾಡೆಲ್ ನಿಂತು ಎಷ್ಟೋ ವರ್ಷ ಆತು ಮಾರಾಯ್ರೆ, ಹೊಸದೇ ತಗಳಿ" ಅಂದರು. ಇನ್ನೊಂದು ಕಡೆ ಹುಲ್ಲು ಹೊಡೆಯುವ ಮೆಷಿನ್ನಿನ ಸ್ಪ್ರಿಂಗು ಕೊಟ್ಟರು. ಉದ್ದ ಹೆಚ್ಚುಕಡಿಮೆ ಸರಿ. ಆದರೆ ವರ್ನಿಯರ್ ಹಿಡಿದು ನೋಡಿದರೆ ತಂತಿಯೇ ತೆಳು. ಉದ್ದ ಒಂದೇ ಇದ್ದರೆ ಸಾಲದು. ಮೆದುವಾದರೆ ಶೂ ಬೇಗ ಹಿಡಿದು ಚೈನು ಮತ್ತೆ ತೆವಳುತ್ತದೆ. ತೀರಾ ಬಿಗಿಯಾದರೆ ಹಿಡಿಯುವುದು ತಡವಾಗಿ, ಜಾರಿ ಜಾರಿ ಡ್ರಮ್ಮು ಸುಡುತ್ತದೆ.

ದಾರಿ ತೋರಿಸಿದ್ದು ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ಕು. "038 ಅಂತ ಕೇಳ್ಬೇಡಿ, 1119 ಅಂತ ಕೇಳಿ" ಎಂದರು. ಸ್ಟಿಲ್ ಬಿಡಿಭಾಗದ ನಂಬರಿನ ಮೊದಲ ನಾಲ್ಕು ಅಂಕಿ ಯಂತ್ರದ ಗೋತ್ರವಂತೆ. 038ರದು 1119. ಅದರ ನಂತರ ಬಂದ ಎಂಎಸ್ 380, 381ರದೂ 1119! ಹೆಸರು ಬದಲಾಗಿದೆ, ವಂಶ ಅದೇ. ಇಷ್ಟು ದಿನ ನಾನು ಸತ್ತವರ ಹೆಸರು ಹಿಡಿದು ಮನೆಮನೆ ಕೇಳುತ್ತಿದ್ದೆ. ಮೊಮ್ಮಕ್ಕಳು ಅಲ್ಲೇ ಡಬ್ಬಿಯಲ್ಲಿ ಕೂತಿದ್ದರು. ಅವರ ಹಳೇ ಬಿಸ್ಕತ್ತಿನ ಡಬ್ಬಿಯಿಂದ 381ರ ಮೂರು ಸ್ಪ್ರಿಂಗು ಬಂದವು. ಮೂರನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹಳತು ಉಳಿದರೆ ಶೂಗಳು ಹೊಂದಿಕೊಂಡು ನಡೆಯವು.

ಡ್ರಮ್ಮಿಗೆ ಇನ್ನೂ ಎಂಟು ದಿನ ಕಾದೆ. ಬಂದ ಮೇಲೆ ಅದರ ಹಲ್ಲು ಚೈನಿಗೆ ಕೂರುತ್ತದೆಯೇ ಎಂದು ತಾಳೆ ನೋಡಿದೆ: ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟಿನಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಅಳೆದು ಅರ್ಧ ಮಾಡಿದರೆ ಇಂಚಿನ ಎಂಟನೇ ಮೂರು ಭಾಗ, ಸರಿಯಾಗಿತ್ತು. ಸೂಜಿ ಬೇರಿಂಗಿಗೆ ಬೆರಳ ತುದಿಯಷ್ಟು ಗ್ರೀಸು ಸವರಿ ಕೂರಿಸಿದೆ.

ಮಳೆ ಹೊಳವಾದ ಮಧ್ಯಾಹ್ನ ಎರಡನೇ ಎಳೆತಕ್ಕೇ ಹತ್ತಿತು. ಎಕ್ಸಿಲೇಟರ್ ಒತ್ತಿದೆ, ಬಿಟ್ಟೆ. ಇಂಜಿನ್ ಗುನುಗುತ್ತಲೇ ಇತ್ತು. ಬಾರಿನ ಮೇಲೆ ಚೈನಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.